ಸೇಂಟ್ ಹೆಲೆನಾದಿಂದ ಈಸ್ಟರ್ ದ್ವೀಪಕ್ಕೆ: ಲೆಕ್ಕದ ದೂರ, ಹಾದಿಯ ದೂರ

ಪ್ರಶ್ನೆ: ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ಮತ್ತು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆಂಬ ಆಸೆ ನನಗಿದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 10,500 ಕಿ.ಮೀ. ಎಂದು ಲೆಕ್ಕ ಹಾಕುವ ಎರಡು ಸಾಧನಗಳು ಹೇಳುತ್ತವೆ. ಆದರೆ ಹಾರಾಟದ ಅವಧಿಯನ್ನು ಒಂದು 13 ಗಂಟೆ 38 ನಿಮಿಷ ಎಂದರೆ ಇನ್ನೊಂದು 12 ಗಂಟೆ 10 ನಿಮಿಷ ಎನ್ನುತ್ತದೆ. ಟಿಕೆಟ್ ಹುಡುಕಲು ಹೋದರೆ ನೇರ ವಿಮಾನವೇ ಇಲ್ಲ, ಎರಡು ದಿನಕ್ಕೂ ಮೀರಿದ ಪ್ರಯಾಣ ಎದುರಾಗುತ್ತದೆ. ಇವುಗಳಲ್ಲಿ ಯಾವುದನ್ನು ನಂಬಿ ಯೋಜನೆ ಹಾಕಿಕೊಳ್ಳಲಿ?

ಉತ್ತರ: ದೂರವನ್ನು ನಂಬಬಹುದು. ಹಾರಾಟದ ಅವಧಿ ಎಂದು ತೋರಿಸಿದ ಎರಡು ಅಂಕಿಗಳಲ್ಲಿ ಯಾವುದನ್ನೂ ನಂಬಬೇಕಿಲ್ಲ, ಏಕೆಂದರೆ ಅವು ಯಾವ ವಿಮಾನದ ವೇಳಾಪಟ್ಟಿಯಿಂದಲೂ ಬಂದವಲ್ಲ. ದೂರವನ್ನು ಒಂದು ಊಹೆಯ ವೇಗದಿಂದ ಭಾಗಿಸಿದಾಗ ಸಿಕ್ಕ ಉತ್ತರಗಳು ಅಷ್ಟೆ. ಟಿಕೆಟ್ ಹುಡುಕುವಾಗ ಕಂಡ ಎರಡು ದಿನಕ್ಕೂ ಮೀರಿದ ಅವಧಿಯೇ ವಾಸ್ತವಕ್ಕೆ ಹತ್ತಿರವಾದದ್ದು. ಒಂದೇ ಜೋಡಿ ನಿಲ್ದಾಣಗಳಿಗೆ ಇಷ್ಟು ಬೇರೆ ಬೇರೆ ಉತ್ತರಗಳು ಹೇಗೆ ಬಂದವು ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ದೂರದ ವಿಚಾರ. ಸೇಂಟ್ ಹೆಲೆನಾದ ನಿಲ್ದಾಣ ಸುಮಾರು 15.96 ಡಿಗ್ರಿ ದಕ್ಷಿಣ ಅಕ್ಷಾಂಶ, 5.65 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಈಸ್ಟರ್ ದ್ವೀಪದ ಮಾಟವೇರಿ ನಿಲ್ದಾಣ 27.16 ಡಿಗ್ರಿ ದಕ್ಷಿಣ, 109.42 ಡಿಗ್ರಿ ಪಶ್ಚಿಮದಲ್ಲಿದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ಹಾದಿ ಮಹಾವೃತ್ತದ ಒಂದು ತುಂಡು; ಭೂಗೋಳದ ಮಾದರಿಯ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಕೂರುವ ಜಾಗವೇ ಮಹಾವೃತ್ತ. ಈ ಎರಡು ನಿಲ್ದಾಣಗಳು ಭೂಮಿಯ ಕೇಂದ್ರದಲ್ಲಿ ಮಾಡುವ ಕೋನ ಸುಮಾರು 94.5 ಡಿಗ್ರಿ ಬರುತ್ತದೆ. ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿ.ಮೀ. ಎಂದು ಹಿಡಿದರೆ ಒಂದು ಡಿಗ್ರಿಗೆ 111.2 ಕಿ.ಮೀ. ಆಗುತ್ತದೆ, ಅಲ್ಲಿಂದ ಒಟ್ಟು ದೂರ 10,506 ಕಿ.ಮೀ. ಇದನ್ನೇ ನಾಟಿಕಲ್ ಮೈಲಿನಲ್ಲಿ ಹೇಳಿದರೆ 5,673, ಸಾಮಾನ್ಯ ಮೈಲಿನಲ್ಲಿ 6,528. ಸಾಧನಗಳಲ್ಲಿ ಮೈಲು ಎಂದಷ್ಟೇ ಬರೆದಿದ್ದರೆ ಅದು ಯಾವ ಮೈಲು ಎಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ವಿಮಾನಯಾನದಲ್ಲಿ ಬಳಕೆಯಾಗುವ ನಾಟಿಕಲ್ ಮೈಲು 1,852 ಮೀಟರ್, ನೆಲದ ಮೈಲು ಸುಮಾರು 1,609 ಮೀಟರ್. ಈ ಗೊಂದಲದಿಂದಲೇ ಒಂದೇ ದೂರ ಎರಡು ಕಡೆ ಬೇರೆಯಾಗಿ ಕಾಣುವುದುಂಟು.

ಭೂಮಿ ಪೂರ್ಣ ಗೋಳವಲ್ಲ ಎಂಬ ಆಕ್ಷೇಪ ಇಲ್ಲಿ ಬರಬಹುದು. ಸಮಭಾಜಕ ವೃತ್ತದ ಬಳಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆಗೆ 6,357 ಕಿ.ಮೀ. ಅಂದರೆ ವ್ಯತ್ಯಾಸ 21 ಕಿ.ಮೀ. ಈ ಚಪ್ಪಟೆತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನಗಳಿವೆ. 1975ರಲ್ಲಿ ಪ್ರಕಟವಾದ ವಿನ್ಸೆಂಟಿ ಸೂತ್ರ ಅವುಗಳಲ್ಲಿ ಹೆಸರುವಾಸಿಯಾದದ್ದು. ಗೋಳವೆಂದೇ ಭಾವಿಸಿ ಮಾಡಿದ ಲೆಕ್ಕದ ತಪ್ಪು ಸಾಮಾನ್ಯವಾಗಿ ಅರ್ಧ ಶೇಕಡಕ್ಕಿಂತ ಕಡಿಮೆ ಇರುತ್ತದೆ, ನಿಮ್ಮ ದೂರದ ಮಟ್ಟಿಗೆ ಅದು ಹೆಚ್ಚೆಂದರೆ ಐವತ್ತು ಕಿಲೋಮೀಟರಿನೊಳಗಿನ ಮಾತು. ಹವಾಮಾನ ನೋಡಿ ಪೈಲಟ್ ದಾರಿ ಬದಲಿಸಿದರೆ ಇದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಆದ್ದರಿಂದ ಕಿಲೋಮೀಟರಿನ ನಂತರ ಎರಡು ದಶಮಾಂಶ ಸ್ಥಾನಗಳನ್ನು ಬರೆದು ತೋರಿಸುವ ನಿಖರತೆಗೆ ಪ್ರಯಾಣಿಕರ ಪಾಲಿಗೆ ಯಾವ ಅರ್ಥವೂ ಇಲ್ಲ.

ಈ ಮಹಾವೃತ್ತ ಎಲ್ಲಿ ಹಾದುಹೋಗುತ್ತದೆ ಎಂಬುದು ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡ ಸಂಗತಿ. ಗೋಡೆಗೆ ತೂಗುಹಾಕುವ ಸಾಮಾನ್ಯ ಭೂಪಟದಲ್ಲಿ ಎರಡು ದ್ವೀಪಗಳ ನಡುವೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದರೆ, ಆ ಗೆರೆ 16 ಡಿಗ್ರಿ ದಕ್ಷಿಣದಿಂದ ನಿಧಾನವಾಗಿ ಇಳಿಯುತ್ತಾ 27 ಡಿಗ್ರಿಯಲ್ಲಿ ಮುಗಿಯುತ್ತದೆ. ಅದಕ್ಕಿಂತ ದಕ್ಷಿಣಕ್ಕೆ ಎಲ್ಲೂ ಹೋಗುವುದಿಲ್ಲ. ನಿಜವಾದ ಕಿರುಹಾದಿ ಹಾಗಿಲ್ಲ. ಅದು ಸೇಂಟ್ ಹೆಲೆನಾದಿಂದ ನೈಋತ್ಯಕ್ಕೆ ವಾಲಿಕೊಂಡು ಹೊರಟು ಅಟ್ಲಾಂಟಿಕ್ ದಾಟಿ, ದಕ್ಷಿಣ ಅಮೆರಿಕ ಖಂಡದ ಮೇಲೆ ಹಾದು, ಸುಮಾರು 33.5 ಡಿಗ್ರಿ ದಕ್ಷಿಣದವರೆಗೂ ಇಳಿದು, ಅಲ್ಲಿಂದ ಮತ್ತೆ ಉತ್ತರಕ್ಕೆ ಬಾಗುತ್ತಾ ಈಸ್ಟರ್ ದ್ವೀಪವನ್ನು ತಲುಪುತ್ತದೆ. ಅತಿ ದಕ್ಷಿಣದ ಆ ಬಿಂದು ಬೀಳುವುದು ಚಿಲಿಯ ರಾಜಧಾನಿ ಸ್ಯಾಂಟಿಯಾಗೊದ ಹತ್ತಿರದಲ್ಲೇ. ಸೇಂಟ್ ಹೆಲೆನಾದಿಂದ ಸ್ಯಾಂಟಿಯಾಗೊಗೆ ನೇರ ದೂರ 6,754 ಕಿ.ಮೀ., ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕೆ 3,752 ಕಿ.ಮೀ.; ಕೂಡಿಸಿ ನೋಡಿದರೆ ಅದೇ 10,506. ಭೂಪಟದ ಮೇಲಿನ ನೇರ ಗೆರೆಯನ್ನು, ಅಂದರೆ ದಿಕ್ಸೂಚಿಯ ದಿಕ್ಕನ್ನು ಬದಲಿಸದೆ ಸಾಗುವ ಹಾದಿಯನ್ನು, ಅನುಸರಿಸಿದರೆ ದೂರ ಸುಮಾರು 10,785 ಕಿ.ಮೀ. ಆಗುತ್ತದೆ. ಹೀಗೆ ಭೂಪಟದಲ್ಲಿ ಸುತ್ತಿನಂತೆ ಕಾಣುವ ಹಾದಿಯೇ ಸುಮಾರು 280 ಕಿ.ಮೀ. ಕಡಿಮೆ. ಸ್ಯಾಂಟಿಯಾಗೊ ಈ ಗೆರೆಯ ಮೇಲೆಯೇ ಕೂತಿರುವುದು ಕೇವಲ ಕಾಕತಾಳೀಯ. ಆದರೂ ಮುಂದೆ ನಿಜವಾದ ಪ್ರಯಾಣದ ಲೆಕ್ಕ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ.

ದೂರದ ಲೆಕ್ಕದಲ್ಲಿ ದೊಡ್ಡ ತಪ್ಪುಗಳು ಆಗುವುದು ಸೂತ್ರದಿಂದಲ್ಲ, ಹೆಸರಿನಿಂದ. ಸೇಂಟ್ ಹೆಲೆನಾ ಎಂಬ ಹೆಸರಿನ ಊರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೆ. ಸ್ಯಾಂಟಿಯಾಗೊ ಎಂಬ ಹೆಸರಿನಿಂದ ಶುರುವಾಗುವ ಊರುಗಳು ಸ್ಪೇನಿನಲ್ಲೂ ಡೊಮಿನಿಕನ್ ಗಣರಾಜ್ಯದಲ್ಲೂ ಇವೆ. ಊರಿನ ಹೆಸರಿಗಿಂತ ನಿಲ್ದಾಣದ ಮೂರಕ್ಷರದ ಸಂಕೇತವನ್ನೇ ಕೊಟ್ಟು ಹುಡುಕಿ. ಸೇಂಟ್ ಹೆಲೆನಾಗೆ ಎಚ್‌ಎಲ್‌ಇ, ಈಸ್ಟರ್ ದ್ವೀಪಕ್ಕೆ ಐಪಿಸಿ, ಚಿಲಿಯ ಸ್ಯಾಂಟಿಯಾಗೊಗೆ ಎಸ್‌ಸಿಎಲ್.

ಇನ್ನು ಅವಧಿಯ ವಿಚಾರ. ನೀವು ಬರೆದ ಎರಡು ಅಂಕಿಗಳು ಎಲ್ಲಿಂದ ಬಂದವೆಂದು ಹಿಂದಕ್ಕೆ ಲೆಕ್ಕ ಮಾಡಿದರೆ ಗೊತ್ತಾಗುತ್ತದೆ. 10,506 ಕಿಲೋಮೀಟರನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ 13 ಗಂಟೆ 8 ನಿಮಿಷ ಬರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸಿದರೆ 13 ಗಂಟೆ 38 ನಿಮಿಷ. ವೇಗವನ್ನು 900 ಎಂದು ಹಿಡಿದು ಅದೇ ಅರ್ಧ ಗಂಟೆ ಕೂಡಿಸಿದರೆ 12 ಗಂಟೆ 10 ನಿಮಿಷ. ಎರಡೂ ಸಾಧನಗಳು ಮಾಡಿರುವುದು ಇಷ್ಟೇ. ದಟ್ಟ ಸಂಚಾರದ, ದಿನಕ್ಕೆ ಹತ್ತಾರು ವಿಮಾನಗಳು ಓಡಾಡುವ ದೊಡ್ಡ ನಗರಗಳ ನಡುವೆ ಈ ಸರಳ ಭಾಗಾಕಾರ ಅರ್ಧ ಮುಕ್ಕಾಲು ಗಂಟೆಯೊಳಗಿನ ವ್ಯತ್ಯಾಸದಲ್ಲಿ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಜನ ಅದನ್ನು ನಂಬುತ್ತಾರೆ. ಆ ನಂಬಿಕೆಯನ್ನು ಒಂಟಿ ದ್ವೀಪಗಳ ನಿಲ್ದಾಣಗಳಿಗೂ ವಿಸ್ತರಿಸಿದಾಗ ಮಾತ್ರ ಅದು ಕೈಕೊಡುತ್ತದೆ.

ವಿಮಾನದ ವೇಗವೂ ಒಂದೇ ಅಲ್ಲ. ಬೋಯಿಂಗ್ 787ರಂತಹ ಅಗಲ ದೇಹದ ವಿಮಾನ ಹನ್ನೊಂದು ಹನ್ನೆರಡು ಕಿ.ಮೀ. ಎತ್ತರದಲ್ಲಿ ಶಬ್ದದ ವೇಗದ ಶೇಕಡ 85ರಷ್ಟು ವೇಗದಲ್ಲಿ, ಅಂದರೆ ನಿಶ್ಚಲ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಸೇಂಟ್ ಹೆಲೆನಾಗೆ ಹೋಗುವ ಎಂಬ್ರಾಯರ್ 190ರಂತಹ ಸಣ್ಣ ಜೆಟ್ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಇದಲ್ಲದೆ ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ಆಕಾಶದಲ್ಲಿ ಕಳೆಯುವ ಸಮಯವಷ್ಟೇ ಅಲ್ಲ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ತುದಿಯಲ್ಲಿ ನಿಂತ ಕ್ಷಣದವರೆಗಿನ ಸಮಯ. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ತಲುಪುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಬಹುದು. ದ್ವೀಪದ ನಿಲ್ದಾಣದಲ್ಲಿ ಅಷ್ಟು ಬೇಡ.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತರುವುದು ಗಾಳಿ. ದಕ್ಷಿಣ ಗೋಳಾರ್ಧದಲ್ಲಿ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಜೆಟ್ ಸ್ಟ್ರೀಮ್ ಎಂದು ಕರೆಯುವ ಅದರ ವೇಗವಾದ ಪಟ್ಟಿ ಚಳಿಗಾಲದಲ್ಲಿ ಇನ್ನೂ ಬಲವಾಗಿರುತ್ತದೆ. ನೀವು ಸೇಂಟ್ ಹೆಲೆನಾ ಕಡೆಯಿಂದ ಈಸ್ಟರ್ ದ್ವೀಪದ ಕಡೆಗೆ ಹೋಗುವುದಾದರೆ ಸಾಗರಗಳನ್ನು ದಾಟುವ ದೊಡ್ಡ ಭಾಗದಲ್ಲಿ ಪಶ್ಚಿಮಕ್ಕೆ, ಅಂದರೆ ಎದುರುಗಾಳಿಗೆ ಹಾರುತ್ತೀರಿ. ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕೆ ಹೋಗುವಾಗ ಸುಮಾರು ಐದೂವರೆ ಗಂಟೆ ಹಿಡಿದರೆ, ಅದೇ ವಿಮಾನ ಅದೇ ದೂರವನ್ನು ಹಿಂದಿರುಗುವಾಗ ಐದು ಗಂಟೆಯೊಳಗೆ ಮುಗಿಸುತ್ತದೆ. ಜೊಹಾನ್ಸ್‌ಬರ್ಗ್‌ನಿಂದ ಬ್ರೆಜಿಲ್‌ನ ಸಾವೊ ಪೌಲೊಗೆ ಹತ್ತು ಗಂಟೆಗೂ ಮೀರಿ ಬೇಕು; ಅಲ್ಲಿಂದ ಇಲ್ಲಿಗೆ ಒಂಬತ್ತು ಗಂಟೆ ಸಾಕು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪೂರ್ತಿ ಗಳಿಸಿಕೊಳ್ಳಬಹುದೆಂದು ಹಲವರು ಭಾವಿಸುತ್ತಾರೆ, ಆದರೆ ಲೆಕ್ಕ ಹಾಗೆ ನಡೆಯುವುದಿಲ್ಲ. 3,752 ಕಿಲೋಮೀಟರಿಗೆ 900ರ ವೇಗದಲ್ಲಿ ಗಾಳಿಯಿಲ್ಲದೆ ಹೋಗಿಬಂದರೆ 8 ಗಂಟೆ 20 ನಿಮಿಷ. ಗಂಟೆಗೆ 100 ಕಿ.ಮೀ. ಗಾಳಿಯಲ್ಲಿ ಹೋಗುವಾಗ 800, ಬರುವಾಗ 1,000 ಎಂದು ಲೆಕ್ಕ ಮಾಡಿದರೆ ಸುಮಾರು 8 ಗಂಟೆ 27 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟ ಯಾವಾಗಲೂ ಲಾಭಕ್ಕಿಂತ ಸ್ವಲ್ಪ ಹೆಚ್ಚೇ.

ಇಷ್ಟೆಲ್ಲ ತಿದ್ದುಪಡಿ ಮಾಡಿಕೊಂಡರೂ ನಿಮ್ಮ ಜೋಡಿಗೆ ನೇರ ಹಾರಾಟದ ಅವಧಿ ಎಂಬುದು ಒಂದು ಕಲ್ಪನೆಯಾಗಿಯೇ ಉಳಿಯುತ್ತದೆ. ಏಕೆಂದರೆ ಈ ಎರಡು ನಿಲ್ದಾಣಗಳ ನಡುವೆ ಪ್ರಯಾಣಿಕರನ್ನು ತುಂಬಿಕೊಂಡು ಒಂದೇ ಜಿಗಿತದಲ್ಲಿ ಹಾರುವ ಸೇವೆಯನ್ನು ಯಾರೂ ನಡೆಸುತ್ತಿಲ್ಲ, ನಡೆಸಲು ಹೊರಟರೂ ತಾಂತ್ರಿಕವಾಗಿ ಸುಲಭವಲ್ಲ. ಸೇಂಟ್ ಹೆಲೆನಾದ ರನ್‌ವೇ ಸುಮಾರು 1,950 ಮೀಟರ್ ಉದ್ದದ್ದು. ಕಡಿದಾದ ಬಂಡೆಗಳ ಅಂಚಿನಲ್ಲಿ, ಸಮುದ್ರಮಟ್ಟದಿಂದ 300 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಒಂದು ಕಣಿವೆಯನ್ನೇ ಮಣ್ಣು ತುಂಬಿ ಮಟ್ಟಮಾಡಿ ಅದನ್ನು ಕಟ್ಟಲಾಗಿದೆ. 10,500 ಕಿ.ಮೀ. ಹಾರಬಲ್ಲ ಅಗಲ ದೇಹದ ವಿಮಾನ ಅಷ್ಟು ದೂರಕ್ಕೆ ಬೇಕಾದ ಇಂಧನ ತುಂಬಿಕೊಂಡು ಅಲ್ಲಿಂದ ಮೇಲೇಳಲು ಆ ಉದ್ದ ಸಾಲದು. ಅಲ್ಲಿಗೆ ಒಗ್ಗುವ ಎಂಬ್ರಾಯರ್ 190 ಒಮ್ಮೆಗೆ ಹಾರುವ ದೂರ ಸುಮಾರು 4,500 ಕಿ.ಮೀ. ಮಾತ್ರ. ಅಂದರೆ ಅಷ್ಟು ದೂರ ಹೋಗಬಲ್ಲದ್ದು ಅಲ್ಲಿ ಇಳಿಯದು, ಅಲ್ಲಿ ಇಳಿಯುವುದು ಅಷ್ಟು ದೂರ ಹೋಗದು. ಈಸ್ಟರ್ ದ್ವೀಪದ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಅಮೆರಿಕದ ಬಾಹ್ಯಾಕಾಶ ನೌಕೆ ತುರ್ತಾಗಿ ಇಳಿಯಬೇಕಾಗಿ ಬಂದರೆ ಇರಲೆಂದು 1987ರಲ್ಲಿ ನಾಸಾ ನೆರವಿನಿಂದ ಮಾಟವೇರಿಯ ರನ್‌ವೇಯನ್ನು ವಿಸ್ತರಿಸಲಾಯಿತು. ಈಗ ಅದರ ಉದ್ದ 3,318 ಮೀಟರ್. ನೌಕೆ ಅಲ್ಲಿ ಎಂದೂ ಇಳಿಯಲಿಲ್ಲ, ಆದರೆ ಆ ಉದ್ದದ ಪ್ರಯೋಜನ ಇಂದು ಪ್ರವಾಸಿಗರಿಗೆ ಸಿಗುತ್ತಿದೆ. ಸ್ಯಾಂಟಿಯಾಗೊದಿಂದ ಬೋಯಿಂಗ್ 787 ವಿಮಾನಗಳೇ ಅಲ್ಲಿಗೆ ಬರುತ್ತವೆ.

ಸೇಂಟ್ ಹೆಲೆನಾ ನಿಲ್ದಾಣದ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಯೋಜನೆಯ ಭವಿಷ್ಯ ನಿಂತಿರುವುದು ಅಲ್ಲಿಯೇ. ಬ್ರಿಟಿಷ್ ಸರ್ಕಾರ 28.5 ಕೋಟಿ ಪೌಂಡ್ ವೆಚ್ಚದಲ್ಲಿ ಕಟ್ಟಿಸಿದ ಈ ನಿಲ್ದಾಣ 2016ರ ಮೇ ತಿಂಗಳಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಗಬೇಕಿತ್ತು. ಆದರೆ ಪರೀಕ್ಷಾ ಹಾರಾಟಗಳಲ್ಲಿ ರನ್‌ವೇಯ ಉತ್ತರ ತುದಿಯ ಬಳಿ ಗಾಳಿಯ ದಿಕ್ಕೂ ವೇಗವೂ ಹಠಾತ್ತಾಗಿ ಬದಲಾಗುವುದು ಕಂಡುಬಂತು. ಇಳಿಯುವ ಕೊನೆಯ ಕ್ಷಣಗಳಲ್ಲಿ ವಿಮಾನಕ್ಕೆ ಇದು ಅಪಾಯಕಾರಿ. ಮೊದಲು ಉದ್ದೇಶಿಸಿದ್ದ ಬೋಯಿಂಗ್ 737ರ ಬದಲು ಸಣ್ಣ ಜೆಟ್ ಆರಿಸಿಕೊಂಡು, ದಕ್ಷಿಣ ಆಫ್ರಿಕಾದ ಏರ್‌ಲಿಂಕ್ ಸಂಸ್ಥೆ 2017ರ ಅಕ್ಟೋಬರ್ 14ರಂದು ಜೊಹಾನ್ಸ್‌ಬರ್ಗ್‌ನಿಂದ ನಿಯಮಿತ ಸೇವೆ ಆರಂಭಿಸಿತು. ಅದಕ್ಕೆ ಮೊದಲು ಕೇಪ್‌ಟೌನ್‌ನಿಂದ ಐದು ದಿನದ ಹಡಗಿನ ಪ್ರಯಾಣವೇ ಗತಿಯಾಗಿತ್ತು. 2018ರ ಫೆಬ್ರವರಿಯಲ್ಲಿ ಆ ಹಡಗಿನ ಸೇವೆ ನಿಂತಿತು.

ದೂರದ ದ್ವೀಪಕ್ಕೆ ಹಾರುವಾಗ ಇಂಧನದ ನಿಯಮಗಳೇ ಬೇರೆ. ಸಾಮಾನ್ಯ ಹಾರಾಟದಲ್ಲಿ ತಲುಪಬೇಕಾದ ನಿಲ್ದಾಣ ಮುಚ್ಚಿದರೆ ಹತ್ತಿರದ ಬದಲಿ ನಿಲ್ದಾಣಕ್ಕೆ ಹೋಗಿ ಇಳಿಯುವಷ್ಟು ಇಂಧನ ಇಟ್ಟುಕೊಳ್ಳುತ್ತಾರೆ. ಹತ್ತಿರದಲ್ಲಿ ಬದಲಿ ನಿಲ್ದಾಣವೇ ಇಲ್ಲದಿದ್ದರೆ? ಅಂತಹ ನಿಲ್ದಾಣವನ್ನು ಅಂತರರಾಷ್ಟ್ರೀಯ ನಿಯಮಗಳು ಪ್ರತ್ಯೇಕ ನಿಲ್ದಾಣವೆಂದು ಗುರುತಿಸುತ್ತವೆ. ಅಲ್ಲಿಗೆ ಹೋಗುವ ಜೆಟ್ ವಿಮಾನ ಗಮ್ಯಸ್ಥಾನದ ಮೇಲೆ ಎರಡು ಗಂಟೆ ಹಾರುವಷ್ಟು ಇಂಧನವನ್ನು ಹೆಚ್ಚುವರಿಯಾಗಿ ಹೊತ್ತಿರಬೇಕು. ಮಾರ್ಗದಲ್ಲಿ ಮರಳಿ ಹೋಗಲಾಗದ ಬಿಂದುವೊಂದನ್ನು ಮೊದಲೇ ಗುರುತಿಸಿ, ಅಲ್ಲಿಗೆ ಬಂದಾಗ ಗಮ್ಯಸ್ಥಾನದ ಹವಾಮಾನ, ರನ್‌ವೇ ಎಲ್ಲವೂ ಸರಿಯಿದೆಯೆಂದು ಖಾತ್ರಿಯಾದರೆ ಮಾತ್ರ ಮುಂದುವರಿಯಬೇಕು, ಇಲ್ಲವಾದರೆ ಅಲ್ಲಿಂದಲೇ ತಿರುಗಬೇಕು. 830 ಕಿ.ಮೀ. ವೇಗದ ವಿಮಾನಕ್ಕೆ ಎರಡು ಗಂಟೆಯ ಇಂಧನವೆಂದರೆ 1,660 ಕಿ.ಮೀ. ಹಾರಾಟಕ್ಕೆ ಸಮ; ಅಷ್ಟು ತೂಕವನ್ನು ಹೊರುವುದಕ್ಕಾಗಿ ಆಸನಗಳನ್ನೋ ಸರಕನ್ನೋ ಬಿಟ್ಟುಕೊಡಬೇಕಾಗುತ್ತದೆ. ಬದಲಿ ನಿಲ್ದಾಣವನ್ನು ಇಟ್ಟುಕೊಂಡೇ ಹಾರುತ್ತೇವೆಂದರೆ ಅಲ್ಲಿಯವರೆಗೆ ಹೋಗುವ ಇಂಧನ ಬೇಕು. ಸೇಂಟ್ ಹೆಲೆನಾಗೆ ತೀರ ಹತ್ತಿರದ ರನ್‌ವೇ ಇರುವುದು ಅಸೆನ್ಷನ್ ದ್ವೀಪದಲ್ಲಿ, ಅದೂ 1,300 ಕಿ.ಮೀ. ದೂರ. ಈಸ್ಟರ್ ದ್ವೀಪಕ್ಕೆ ಒಂದು ಕಡೆ ಸ್ಯಾಂಟಿಯಾಗೊ 3,750 ಕಿ.ಮೀ., ಇನ್ನೊಂದು ಕಡೆ ಟಹೀಟಿಯ ಪಪೀಟೆ ಸುಮಾರು 4,250 ಕಿ.ಮೀ.

ಜೊಹಾನ್ಸ್‌ಬರ್ಗ್‌ನಿಂದ ಸೇಂಟ್ ಹೆಲೆನಾಗೆ 3,680 ಕಿ.ಮೀ. ಮಾತ್ರ ಇದ್ದರೂ ಹೋಗುವ ವಿಮಾನ ನಮೀಬಿಯಾದಲ್ಲಿ ಇಳಿದು ಇಂಧನ ತುಂಬಿಕೊಳ್ಳುವುದು ಇದೇ ಕಾರಣಕ್ಕೆ. ಮೊದಲು ವಿಂಡ್‌ಹುಕ್‌ನಲ್ಲಿ ಇಳಿಯುತ್ತಿತ್ತು, ನಂತರ ಕರಾವಳಿಯ ವಾಲ್ವಿಸ್ ಬೇಗೆ ಬದಲಾಯಿತು. ವಾಲ್ವಿಸ್ ಬೇಯಿಂದ ದ್ವೀಪಕ್ಕೆ ಸುಮಾರು 2,260 ಕಿ.ಮೀ.; ಅಲ್ಲಿ ಇಂಧನ ತುಂಬಿಕೊಂಡು ಹೊರಟ ವಿಮಾನ, ದ್ವೀಪದ ಮೇಲೆ ಬಂದು ಇಳಿಯಲಾಗದಿದ್ದರೆ ಮರಳಿ ಖಂಡಕ್ಕೆ ಹೋಗಬಲ್ಲದು. ಹಿಂದಿರುಗುವಾಗ ಜೊಹಾನ್ಸ್‌ಬರ್ಗ್‌ನ ಸುತ್ತ ಇಳಿಯಲು ಬೇಕಾದಷ್ಟು ನಿಲ್ದಾಣಗಳಿರುವುದರಿಂದ ಈ ನಿಲುಗಡೆ ಬೇಕಾಗುವುದಿಲ್ಲ. ಆದ್ದರಿಂದ ಒಂದೇ ಜೋಡಿ ನಿಲ್ದಾಣಗಳ ನಡುವೆ ಹೋಗುವ ಅವಧಿ ಸುಮಾರು ಆರು ಗಂಟೆ, ಬರುವ ಅವಧಿ ನಾಲ್ಕೂವರೆ ಗಂಟೆಯ ಆಸುಪಾಸು. ದೂರವನ್ನು ವೇಗದಿಂದ ಭಾಗಿಸುವ ಯಾವ ಸಾಧನಕ್ಕೂ ಇದು ತಿಳಿಯುವಂಥದ್ದಲ್ಲ.

ಈಗ ನಿಜವಾದ ಹಾದಿಯನ್ನು ಅಳೆಯೋಣ. ಸೇಂಟ್ ಹೆಲೆನಾದಿಂದ ಜೊಹಾನ್ಸ್‌ಬರ್ಗ್‌ಗೆ 3,681 ಕಿ.ಮೀ., ಅಲ್ಲಿಂದ ಸಾವೊ ಪೌಲೊಗೆ 7,439, ಸಾವೊ ಪೌಲೊದಿಂದ ಸ್ಯಾಂಟಿಯಾಗೊಗೆ 2,615, ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕೆ 3,752. ಒಟ್ಟು ಸುಮಾರು 17,490 ಕಿ.ಮೀ., ಅಂದರೆ ನೇರ ದೂರದ ಒಂದೂಮುಕ್ಕಾಲು ಪಟ್ಟಿಗೆ ತುಸು ಕಡಿಮೆ. ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ ನಾಲ್ಕೂವರೆ ಗಂಟೆ ಹಾರಿ, ಆಮೇಲೆ ಅದೇ ಅಟ್ಲಾಂಟಿಕ್ ಸಾಗರವನ್ನು ಮತ್ತೆ ದಾಟಬೇಕು. ಸ್ಯಾಂಟಿಯಾಗೊ ನೇರ ಗೆರೆಯ ಮೇಲೆಯೇ ಇರುವುದರಿಂದ ಕೊನೆಯ ಹಂತದಲ್ಲಿ ಒಂದು ಕಿಲೋಮೀಟರೂ ವ್ಯರ್ಥವಾಗುವುದಿಲ್ಲ. ಸುತ್ತೆಲ್ಲ ಬರುವುದು ಅದಕ್ಕೆ ಮೊದಲೇ, 6,754 ಕಿ.ಮೀ. ನೇರ ದೂರಕ್ಕೆ ಬದಲಾಗಿ 13,735 ಕಿ.ಮೀ., ಎರಡು ಪಟ್ಟಿಗೂ ಹೆಚ್ಚು. ಭೂಪಟ ನೋಡಿದವರಿಗೆ ಅಸೆನ್ಷನ್ ದ್ವೀಪದ ಮೂಲಕ ಹೋದರೆ ಹತ್ತಿರವಾಗಬಹುದೇ ಎಂಬ ಯೋಚನೆ ಬರಬಹುದು. ಆಗುವುದಿಲ್ಲ; ಆ ದ್ವೀಪದಿಂದ ದಕ್ಷಿಣ ಅಮೆರಿಕಕ್ಕೆ ಸಾಮಾನ್ಯ ಪ್ರಯಾಣಿಕ ವಿಮಾನ ಸೇವೆಯಿಲ್ಲ, ಅಲ್ಲಿ ಕಾಲಿಡುವುದಕ್ಕೂ ಮೊದಲೇ ಅನುಮತಿ ಪಡೆದಿರಬೇಕು.

ಅವಧಿಯನ್ನು ಅಂದಾಜು ಮಾಡಲು ಒಂದು ಊಹೆಯ ವೇಳಾಪಟ್ಟಿಯನ್ನು ಇಟ್ಟುಕೊಳ್ಳೋಣ. ಇಲ್ಲಿನ ಹೊರಡುವ ಸಮಯಗಳು ಲೆಕ್ಕಕ್ಕಾಗಿ ನಾನು ಆರಿಸಿಕೊಂಡವು, ಯಾವ ಸಂಸ್ಥೆಯದೂ ಅಲ್ಲ. ಶನಿವಾರ ಮಧ್ಯಾಹ್ನ 2 ಗಂಟೆಗೆ ಸೇಂಟ್ ಹೆಲೆನಾ ಬಿಟ್ಟರೆ, ಗ್ರೀನಿಚ್ ಸಮಯವನ್ನೇ ಅನುಸರಿಸುವ ಆ ದ್ವೀಪಕ್ಕಿಂತ ಜೊಹಾನ್ಸ್‌ಬರ್ಗ್ ಎರಡು ಗಂಟೆ ಮುಂದಿರುವುದರಿಂದ, ನಾಲ್ಕೂವರೆ ಗಂಟೆಯ ಹಾರಾಟದ ನಂತರ ಅಲ್ಲಿ ರಾತ್ರಿ 8.30. ಭಾನುವಾರ ಬೆಳಿಗ್ಗೆ 10ಕ್ಕೆ ಹೊರಟು ಹತ್ತೂಕಾಲು ಗಂಟೆ ಹಾರಿದರೆ ಸಾವೊ ಪೌಲೊದಲ್ಲಿ ಅಲ್ಲಿನ ಸಮಯ ಮಧ್ಯಾಹ್ನ 3.15. ಸಂಜೆ 6ಕ್ಕೆ ಸ್ಯಾಂಟಿಯಾಗೊ ವಿಮಾನ ಹಿಡಿದು ನಾಲ್ಕೂಕಾಲು ಗಂಟೆಯಲ್ಲಿ ತಲುಪಿದರೆ, ಚಿಲಿಯ ಚಳಿಗಾಲದ ಗಡಿಯಾರದಂತೆ ರಾತ್ರಿ 9.15. ಸೋಮವಾರ ಬೆಳಿಗ್ಗೆ 9ಕ್ಕೆ ಹೊರಟರೆ ಐದೂವರೆ ಗಂಟೆಯ ನಂತರ ಈಸ್ಟರ್ ದ್ವೀಪದಲ್ಲಿ ಮಧ್ಯಾಹ್ನ 12.30, ಏಕೆಂದರೆ ಆ ದ್ವೀಪದ ಗಡಿಯಾರ ಸ್ಯಾಂಟಿಯಾಗೊಗಿಂತ ಎರಡು ಗಂಟೆ ಹಿಂದೆ ಇರುತ್ತದೆ. ಸ್ಥಳೀಯ ಸಮಯಗಳನ್ನಷ್ಟೇ ಕಳೆದರೆ ನಲವತ್ತಾರೂವರೆ ಗಂಟೆ ಎನಿಸುತ್ತದೆ. ಆದರೆ ಎರಡು ದ್ವೀಪಗಳ ನಡುವೆ ಚಳಿಗಾಲದಲ್ಲಿ ಆರು ಗಂಟೆಯ ವ್ಯತ್ಯಾಸ ಇರುವುದರಿಂದ ನಿಜವಾಗಿ ಕಳೆದದ್ದು ಐವತ್ತೆರಡೂವರೆ ಗಂಟೆ. ಅದರಲ್ಲಿ ವಿಮಾನದೊಳಗೆ ಇದ್ದದ್ದು ಇಪ್ಪತ್ತನಾಲ್ಕೂವರೆ ಗಂಟೆ, ಮಿಕ್ಕ ಇಪ್ಪತ್ತೆಂಟು ಗಂಟೆ ನೆಲದ ಮೇಲೆ. ಚಿಲಿಯಲ್ಲಿ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಬೇಸಿಗೆ ಗಡಿಯಾರ ಇರುವುದರಿಂದ ಆ ತಿಂಗಳುಗಳಲ್ಲಿ ಈ ಲೆಕ್ಕ ಒಂದು ಗಂಟೆ ಬದಲಾಗುತ್ತದೆ.

ಈ ಲೆಕ್ಕವೂ ಎಲ್ಲ ಸರಿಯಾಗಿ ಕೂಡಿಬಂದರೆ ಮಾತ್ರ. ಸೇಂಟ್ ಹೆಲೆನಾಗೆ ವಿಮಾನ ವರ್ಷದ ಹೆಚ್ಚಿನ ಭಾಗದಲ್ಲಿ ವಾರಕ್ಕೊಮ್ಮೆ, ಸಾಮಾನ್ಯವಾಗಿ ಶನಿವಾರ. ಪ್ರವಾಸಿಗರು ಹೆಚ್ಚು ಬರುವ ತಿಂಗಳುಗಳಲ್ಲಿ ಕೇಪ್‌ಟೌನ್‌ನಿಂದಲೂ ಸೇವೆ ಇರುವುದುಂಟು. ಮೋಡ ಕವಿದೋ ಗಾಳಿ ಎದ್ದೋ ವಿಮಾನ ಇಳಿಯಲಾಗದೆ ಹೋದರೆ ಮರುದಿನಕ್ಕೆ ಮುಂದೂಡಬಹುದು. ಹಾಗಾಗಿ ವಾರಕ್ಕೊಮ್ಮೆ ಬರುವ ವಿಮಾನವನ್ನು ದಿನಕ್ಕೊಮ್ಮೆ ಬರುವ ವಿಮಾನದಂತೆ ಭಾವಿಸಿ ಮುಂದಿನ ಟಿಕೆಟ್‌ಗಳನ್ನು ಹೊಲಿದಂತೆ ಜೋಡಿಸುವುದು ಸರಿಯಲ್ಲ. ಒಂದೇ ಟಿಕೆಟ್‌ನಲ್ಲಿ ಎಲ್ಲ ಹಂತಗಳೂ ಸೇರಿದ್ದರೆ ತಪ್ಪಿದ ವಿಮಾನಕ್ಕೆ ಸಂಸ್ಥೆಯೇ ಬದಲಿ ವ್ಯವಸ್ಥೆ ಮಾಡಬೇಕಾಗುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಆ ಹೊಣೆ ನಿಮ್ಮದು. ಜೊಹಾನ್ಸ್‌ಬರ್ಗ್‌ನಲ್ಲಿ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ಪೂರ್ತಿ ದಿನ ಬಿಡುವು ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ದಾರಿಯ ದೇಶಗಳಲ್ಲಿ ನಿಮ್ಮ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಈಸ್ಟರ್ ದ್ವೀಪಕ್ಕೂ ಒಂದು ಷರತ್ತಿದೆ: 2018ರ ಆಗಸ್ಟ್‌ನಿಂದ ಪ್ರವಾಸಿಗರು ಅಲ್ಲಿ 30 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಹಿಂದಿರುಗುವ ಟಿಕೆಟ್ ಮತ್ತು ತಂಗುವ ವ್ಯವಸ್ಥೆಯ ದಾಖಲೆ ತೋರಿಸಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕೆನಿಸುತ್ತದೆ. ಸೇಂಟ್ ಹೆಲೆನಾ ಪ್ರಯಾಣಿಕರ ಮಟ್ಟಿಗೆ ಜೊಹಾನ್ಸ್‌ಬರ್ಗ್‌ಗೆ ಕಟ್ಟಿಹಾಕಿದ ನಿಲ್ದಾಣ, ಈಸ್ಟರ್ ದ್ವೀಪ ಸ್ಯಾಂಟಿಯಾಗೊಗೆ ಕಟ್ಟಿಹಾಕಿದ ನಿಲ್ದಾಣ. ಟಹೀಟಿಗೂ ಈಸ್ಟರ್ ದ್ವೀಪಕ್ಕೂ ನಡುವೆ ವಾರಕ್ಕೊಮ್ಮೆ ಇದ್ದ ಸೇವೆ 2020ರಲ್ಲಿ ನಿಂತ ಮೇಲೆ ಈ ಅವಲಂಬನೆ ಇನ್ನಷ್ಟು ಗಟ್ಟಿಯಾಯಿತು. ಎರಡು ದ್ವೀಪಗಳಿಗೂ ನೀವು ಹೋಗುವುದು ಹೋದ ದಾರಿಯಲ್ಲೇ ಬರುವ ಪ್ರಯಾಣ. ಅವುಗಳ ನಡುವಿನ 10,500 ಕಿ.ಮೀ. ಎಂಬ ಅಂಕಿ ನಿಮ್ಮ ಟಿಕೆಟ್‌ನಲ್ಲಾಗಲಿ ಸಮಯದಲ್ಲಾಗಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ನೀವು ಅಳೆಯಬೇಕಾದದ್ದು ಜೊಹಾನ್ಸ್‌ಬರ್ಗ್ ಮತ್ತು ಸ್ಯಾಂಟಿಯಾಗೊ ನಡುವಿನ ದೂರ. ಅದು ನೇರ 9,210 ಕಿ.ಮೀ., ಸಾವೊ ಪೌಲೊ ಮೂಲಕ 10,050 ಕಿ.ಮೀ.; ಇಲ್ಲಿ ಸುತ್ತು ಶೇಕಡ ಹತ್ತಕ್ಕೂ ಕಡಿಮೆ, ಲೆಕ್ಕದ ಸಾಧನಗಳ ಅಂದಾಜೂ ಗಾಳಿಯ ಒಂದು ಗಂಟೆಯನ್ನು ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೊದಲು ಸೇಂಟ್ ಹೆಲೆನಾದ ಶನಿವಾರಗಳನ್ನು ಗೊತ್ತುಮಾಡಿಕೊಳ್ಳಿ. ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕೆ ವಾರದಲ್ಲಿ ಹಲವು ವಿಮಾನಗಳಿರುವುದರಿಂದ ಅದರ ದಿನಾಂಕಗಳನ್ನು ಆಮೇಲೆ ಹೊಂದಿಸಿಕೊಳ್ಳಬಹುದು.

ಯಾವ ದ್ವೀಪ ಮೊದಲು ಎಂದು ಕೇಳಿದರೆ ಸೇಂಟ್ ಹೆಲೆನಾ ಎನ್ನುತ್ತೇನೆ. ಈಸ್ಟರ್ ದ್ವೀಪದಿಂದ ಆರಂಭಿಸಿದರೆ ಪೂರ್ವಕ್ಕೆ ಹಾರುವಾಗ ಬೆನ್ನುಗಾಳಿ ಸಿಕ್ಕಿ ಎರಡು ಗಂಟೆಗೂ ಹೆಚ್ಚು ಉಳಿಯುತ್ತದೆ ಎಂಬುದು ನಿಜ. ಆದರೆ ಆ ಕ್ರಮದಲ್ಲಿ ದಾರಿಯ ಯಾವುದಾದರೂ ಒಂದು ವಿಮಾನ ತಡವಾಗಿ ಜೊಹಾನ್ಸ್‌ಬರ್ಗ್‌ನ ಶನಿವಾರದ ವಿಮಾನ ತಪ್ಪಿದರೆ ಉಳಿಸಿದ ಎರಡು ಗಂಟೆಗೆ ಬದಲಾಗಿ ಏಳು ದಿನ ಕಾಯಬೇಕಾಗುತ್ತದೆ.